ಸರ್ವರ್ ರೀಬೂಟ್ ಆದ ಮೇಲೆ ಡಿಸ್ಕ್ ಹೆಸರು ಬದಲಾಗುವುದೇಕೆ? ಡೇಟಾ ಉಳಿಸಿಕೊಳ್ಳಲು ಹೀಗೆ ಮಾಡಿ

ಲಿನಕ್ಸ್ ಸ್ಟೋರೇಜ್ ಸರ್ವರ್‌ನಲ್ಲಿ ನಿನ್ನೆವರೆಗೆ 'ಎಸ್‌ಡಿಬಿ' ಆಗಿದ್ದ ಡಿಸ್ಕ್, ರೀಬೂಟ್ ಆದ ಬಳಿಕ 'ಎಸ್‌ಡಿಸಿ' ಆಗಿರಬಹುದು. ಡಿಸ್ಕ್ ಕೆಟ್ಟಿರುವುದಿಲ್ಲ, ಡೇಟಾವೂ ಹೋಗಿರುವುದಿಲ್ಲ. ಆದರೆ ಹಳೆಯ ಹೆಸರನ್ನೇ ನಂಬಿ ಫಾರ್ಮ್ಯಾಟ್ ಕಮಾಂಡ್ ಕೊಟ್ಟರೆ ಅಳಿಸಿಹೋಗುವುದು ಬೇರೆಯೇ ಡಿಸ್ಕ್!

ಹೆಸರು ಬದಲಾಗುವುದೇಕೆ?

ಎಸ್‌ಡಿಎ, ಎಸ್‌ಡಿಬಿ ಎಂಬುವು ಡಿಸ್ಕ್‌ನ ಸ್ವಂತ ಹೆಸರುಗಳಲ್ಲ. ಬ್ಯಾಂಕಿನ ಟೋಕನ್‌ನಂತೆ, ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಸಿಗುತ್ತದೋ ಅದಕ್ಕೆ ಮೊದಲ ಅಕ್ಷರ. 26 ಅಕ್ಷರ ಮುಗಿದರೆ ಮುಂದಿನದು 'ಎಸ್‌ಡಿಎಎ'. ಹಲವು ಕಂಟ್ರೋಲರ್‌ಗಳಿದ್ದಾಗ, ಒಂದು ಡಿಸ್ಕ್ ನಿಧಾನವಾಗಿ ಚಾಲೂ ಆದಾಗ, ಹೊಸ ಡಿಸ್ಕ್ ಸೇರಿಸಿದಾಗ ಅಥವಾ ಕೆಟ್ಟದ್ದನ್ನು ತೆಗೆದಾಗ ಈ ಸರದಿ ಬದಲಾಗುತ್ತದೆ. ಎನ್‌ವಿಎಂಇ ಡಿಸ್ಕ್‌ಗಳ ಸಂಖ್ಯೆಗೂ ಗ್ಯಾರಂಟಿ ಇಲ್ಲ.

ಬದಲಾಗದ ಹೆಸರುಗಳು ಎಲ್ಲಿವೆ?

ಲಿನಕ್ಸ್‌ನ 'ಯುಡೆವ್' ವ್ಯವಸ್ಥೆ ಪ್ರತಿ ಬೂಟ್‌ನಲ್ಲೂ 'ಡೆವ್' ಫೋಲ್ಡರ್‌ನೊಳಗಿನ 'ಡಿಸ್ಕ್' ಫೋಲ್ಡರ್‌ನಲ್ಲಿ ಸ್ಥಿರ ಹೆಸರುಗಳನ್ನು ಸಿದ್ಧಪಡಿಸುತ್ತದೆ.

* ಬೈ-ಐಡಿ: ಡಿಸ್ಕ್‌ನ ಮಾಡೆಲ್, ಸೀರಿಯಲ್ ನಂಬರ್ ಆಧರಿಸಿದ ಹೆಸರು. ಯಾವ ಪೋರ್ಟ್‌ಗೆ ಹಾಕಿದರೂ ಸಾಮಾನ್ಯವಾಗಿ ಬದಲಾಗದು. ಝಡ್‌ಎಫ್‌ಎಸ್ ಪೂಲ್‌ಗಳಿಗೆ ಇದು ಸೂಕ್ತ.
* ಬೈ-ಯುಯುಐಡಿ: ಫೈಲ್ ಸಿಸ್ಟಂನ ಗುರುತು. 'ಎಫ್‌ಎಸ್‌ಟ್ಯಾಬ್' ಫೈಲ್‌ನಲ್ಲಿ ಮೌಂಟ್ ಬರೆಯುವಾಗ ಇದನ್ನೇ ಬಳಸಿ.
* ಬೈ-ಪಾತ್: ಡಿಸ್ಕ್ ಕುಳಿತಿರುವ ಸ್ಲಾಟ್‌ನ ವಿಳಾಸ. ಡಿಸ್ಕ್ ಬದಲಿಸಿದರೂ ಜಾಗದ ಹೆಸರು ಅದೇ.

'ಬಿಎಲ್‌ಕೆ-ಐಡಿ' ಕಮಾಂಡ್ ಕೊಟ್ಟರೆ ಯುಯುಐಡಿ ತಿಳಿಯುತ್ತದೆ. ಎಲ್‌ವಿಎಂ ಮತ್ತು ಸಾಫ್ಟ್‌ವೇರ್ ರೇಡ್ ತಮ್ಮ ಗುರುತನ್ನು ಡಿಸ್ಕ್ ಮೇಲೆಯೇ ಬರೆದುಕೊಳ್ಳುತ್ತವೆ. ಹಾಗಾಗಿ ಅಕ್ಷರ ಬದಲಾದರೂ ಅವು ತಮ್ಮ ಡಿಸ್ಕ್‌ಗಳನ್ನು ಪತ್ತೆಹಚ್ಚುತ್ತವೆ.

ಈ ಎಚ್ಚರಿಕೆ ಇರಲಿ

ಮರಳಿ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಹೊಸ ಯುಯುಐಡಿ ಬರುತ್ತದೆ, ಎಫ್‌ಎಸ್‌ಟ್ಯಾಬ್‌ನಲ್ಲೂ ಬದಲಿಸಬೇಕು. ಡಿಸ್ಕನ್ನು ಹಾಗೆಯೇ ಕ್ಲೋನ್ ಮಾಡಿದರೆ ಎರಡಕ್ಕೂ ಒಂದೇ ಯುಯುಐಡಿ ಇರುತ್ತದೆ. ಎರಡನ್ನೂ ಒಂದೇ ಸರ್ವರ್‌ನಲ್ಲಿ ಇಟ್ಟರೆ ಗೊಂದಲ ಖಚಿತ.

ಎಫ್‌ಎಸ್‌ಟ್ಯಾಬ್‌ನಲ್ಲಿರುವ ಡಿಸ್ಕ್ ಸಿಗದಿದ್ದರೆ ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು. 'ನೋಫೇಲ್' ಆಯ್ಕೆ ಇದನ್ನು ತಪ್ಪಿಸುತ್ತದೆ. ಆದರೆ ಆಗ ಬ್ಯಾಕಪ್ ಖಾಲಿ ಮೌಂಟ್ ಫೋಲ್ಡರ್‌ಗೆ ಹೋಗಿ ಸಿಸ್ಟಂ ಡಿಸ್ಕನ್ನೇ ತುಂಬಿಸಬಹುದು. ಹೀಗಾಗಿ ಬ್ಯಾಕಪ್ ಸ್ಕ್ರಿಪ್ಟ್ ಮೊದಲು ಡಿಸ್ಕ್ ಮೌಂಟ್ ಆಗಿದೆಯೇ ಎಂದು ಪರಿಶೀಲಿಸಬೇಕು.

ಎಫ್‌ಎಸ್‌ಟ್ಯಾಬ್ ತಿದ್ದಿದ ಬಳಿಕ, ರೀಬೂಟ್‌ಗೆ ಮೊದಲೇ 'ಫೈಂಡ್‌ಎಂಎನ್‌ಟಿ' ಕಮಾಂಡ್‌ನ 'ವೆರಿಫೈ' ಆಯ್ಕೆಯಿಂದ ತಪ್ಪುಗಳನ್ನು ಹುಡುಕಿ. ಕೆಟ್ಟ ಡಿಸ್ಕ್ ಹೊರತೆಗೆಯುವಾಗ ಪರದೆಯ ಸೀರಿಯಲ್ ನಂಬರ್ ಮತ್ತು ಡಿಸ್ಕ್ ಮೇಲಿನ ಲೇಬಲ್ ತಾಳೆ ನೋಡಿ. ಸ್ಲಾಟ್‌ಗಳ ಮೇಲೆ ಮೊದಲೇ ಸೀರಿಯಲ್ ನಂಬರ್ ಬರೆದು ಅಂಟಿಸಿಟ್ಟರೆ ಸರಿಯಾದ ಡಿಸ್ಕ್ ಹುಡುಕುವುದು ಇನ್ನೂ ಸುಲಭ.