ಕೃಷ್ಣೆಯ ದಡದಿಂದ ಕಾಳಿಯ ಅಲೆಗಳವರೆಗೆ

ದೀಪಾವಳಿ ರಜೆ ಬಂತೆಂದರೆ ‘ಎಲ್ಲಿಗೆ ಹೋಗೋಣ?’ ಎಂದು ಮಕ್ಕಳು ಪೀಡಿಸುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಕೊಲ್ಹಾಪುರ, ಇಚಲಕರಂಜಿ ಮತ್ತು ಗಡಹಿಂಗ್ಲಜಗಳಲ್ಲಿ ನೆಲೆಸಿರುವ ನಾವು ಐದು ಕನ್ನಡ ಕುಟುಂಬಗಳು, ಒಟ್ಟು ಹದಿನೆಂಟು ಮಂದಿ, ಕಳೆದ ರಜೆಯಲ್ಲಿ ಮೂರು ದಿನಗಳ ಪ್ರವಾಸ ಹೊರಟೆವು. ಹಿರಿಯರಿಗೆ ಹಳೆಯ ಶಿಲ್ಪಗಳನ್ನು ನೋಡುವ ಆಸೆ. ಹುಡುಗರಿಗೆ ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡುವ ಹುಚ್ಚು. ಎರಡೂ ಆಗಲಿ ಎಂದು ಒಂದು ಟೆಂಪೊ ಗೊತ್ತುಮಾಡಿದೆವು.

ಒಬ್ಬರದು ಮಾತ್ರ ವಿರೋಧ. ಇಚಲಕರಂಜಿಯ ಅಕ್ಕ, ಹದಿನೈದು ವರ್ಷದ ಮಗನನ್ನು ರಾಫ್ಟಿಗೆ ಕಳಿಸಲು ಸುತಾರಾಂ ಒಪ್ಪಲಿಲ್ಲ. “ಹೊಳಿ ಅಂದ್ರ ಆಟ ಅಲ್ಲೋ ತಮ್ಮಾ. ನಾವು ನೋಡೀವಿ” ಎಂದರು.

ಅವರು ನೋಡಿದ್ದು ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ಪಂಚಗಂಗಾ, ಕೃಷ್ಣಾ ನದಿಗಳು ಉಕ್ಕಿ ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳು ಮುಳುಗಿದಾಗ ಅಕ್ಕನ ಮನೆಯೊಳಗೂ ನೀರು ನುಗ್ಗಿತ್ತು. ಆ ತಿಂಗಳ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಪ್ರವಾಹದಿಂದ ಜನರನ್ನು ಪಾರುಮಾಡುತ್ತಿದ್ದ ದೋಣಿಯೇ ಮಗುಚಿ ಅನೇಕರು ಜೀವ ಕಳೆದುಕೊಂಡರು. ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಅದು. 2021ರ ಜುಲೈನಲ್ಲಿ ಮತ್ತೆ ಪ್ರವಾಹ. ಇಷ್ಟೆಲ್ಲ ಕಂಡವರಿಗೆ ನೀರಿನ ಮೋಜು ರುಚಿಸುವುದಾದರೂ ಹೇಗೆ? ಕೊನೆಗೆ “ಬರ್ತೀನಿ, ಆದ್ರ ದಂಡಿ ಮ್ಯಾಲೆ ಕೂತು ನೋಡ್ತೀನಿ” ಎಂಬ ಒಪ್ಪಂದದ ಮೇಲೆ ಅಕ್ಕ ಟೆಂಪೊ ಹತ್ತಿದರು.

ಮೊದಲ ದಿನ ಶಿರೋಳ ತಾಲೂಕಿನ ಖಿದ್ರಾಪುರ. ಕೃಷ್ಣಾ ನದಿಯ ಈಚೆ ದಡದಲ್ಲಿ ಮಹಾರಾಷ್ಟ್ರದ ಈ ಹಳ್ಳಿ, ಆಚೆ ದಡದಲ್ಲಿ ಕರ್ನಾಟಕ. ಇಲ್ಲಿನ ಕೋಪೇಶ್ವರ ದೇವಾಲಯ 12ನೇ ಶತಮಾನದ ಶಿಲಾಹಾರ ಅರಸರ ಕಾಲದ್ದು. ಎದುರಿಗಿರುವ ಸ್ವರ್ಗಮಂಟಪದ ನಡುವೆ ಚಾವಣಿಯೇ ಇಲ್ಲ; ವೃತ್ತಾಕಾರವಾಗಿ ನಿಂತ ಹನ್ನೆರಡು ಕಂಬಗಳ ಮೇಲೆ ದುಂಡಗಿನ ಆಕಾಶ ಕಾಣುತ್ತದೆ. ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ನಿಂತು ತಲೆಯೆತ್ತಿದ ಮಕ್ಕಳು ಸ್ವಲ್ಪ ಹೊತ್ತು ಗದ್ದಲವನ್ನೇ ಮರೆತರು. ಇಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಕಲ್ಲಿನ ಮೇಲೆ ಬೆರಳಾಡಿಸಿ ಗುರುತು ಸಿಕ್ಕ ಒಂದೆರಡು ಅಕ್ಷರಗಳನ್ನು ಕೂಗಿ ಹೇಳಿದಾಗ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಇಷ್ಟು ಸಲ ಹೊಳಿ ಬಂದ್ರೂ ಈ ಗುಡಿ ಹೆಂಗ ನಿಂತೈತಿ?” ಎಂದು ಅಕ್ಕನ ಮಗ ಕೇಳಿದ. “ಕಟ್ಟಿದವರಿಗೆ ಹೊಳಿ ಗೊತ್ತಿತ್ತಪ್ಪಾ” ಎಂದರು ಗಡಹಿಂಗ್ಲಜದ ಕಾಕಾ. ಈ ಮಾತು ನಮಗೆ ಮುಂದೆ ಉಪಯೋಗಕ್ಕೆ ಬಂತು.

ಸಂಜೆ ನಿಪ್ಪಾಣಿ, ಸಂಕೇಶ್ವರಗಳ ದಾರಿಯಾಗಿ ಗಡಹಿಂಗ್ಲಜ ಸೇರಿ, ಕಾಕಾ ಅವರ ಮನೆಯಲ್ಲಿ ರೊಟ್ಟಿ, ಝುಣಕ ಉಂಡು ಮಲಗಿದೆವು. ಮರುದಿನ ಬೆಳಗಾವಿ ದಾಟಿ ಖಾನಾಪುರ ತಾಲೂಕಿನ ಹಲಸಿಗೆ ಹೋದೆವು. ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದ ಊರು ಇಂದು ಒಂದು ಸಣ್ಣ ಹಳ್ಳಿ. ಭೂವರಾಹ ನರಸಿಂಹ ದೇವಾಲಯದ ಅಂಗಳದಲ್ಲಿ ಬುತ್ತಿ ಬಿಚ್ಚದೆ, ಹೊರಗೆ ಮರದ ನೆರಳಿನಲ್ಲಿ ಊಟ ಮುಗಿಸಿ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವನ್ನು ಕಂಡು, ಕತ್ತಲಾಗುವ ಹೊತ್ತಿಗೆ ದಾಂಡೇಲಿ ತಲುಪಿದೆವು.

ಮೂರನೆಯ ದಿನ ಗಣೇಶಗುಡಿ. ಸೂಪಾ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ತಯಾರಿಸಿ ಹೊರಬಿಟ್ಟ ನೀರೇ ಇಲ್ಲಿ ರಾಫ್ಟಿಂಗ್‌ಗೆ ಆಧಾರ. ನೀರು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಈ ಅಣೆಕಟ್ಟಿಗಾಗಿ ಹಳೆಯ ಸೂಪಾ ಊರೇ ಮುಳುಗಿತು. ಮನೆ ಕಳೆದುಕೊಂಡವರು ರಾಮನಗರದಂಥ ಹೊಸ ಊರುಗಳಲ್ಲಿ ಬಾಳು ಕಟ್ಟಿಕೊಂಡರು. ಎರಡು ದಿನ ನೆಲದ ಮೇಲಿನ ಹಳೆಯ ಕಟ್ಟಡಗಳನ್ನು ನೋಡಿದ ನಮಗೆ, ನೀರಿನ ಕೆಳಗೂ ಒಂದು ಊರಿದೆ ಎಂದು ತಿಳಿದಾಗ ಮನಸ್ಸು ಭಾರವಾಯಿತು.

ರಾಫ್ಟಿಗೆ ಸಿದ್ಧರಾದವರು ಹನ್ನೊಂದು ಮಂದಿ. ನಡೆಸುವವನು ಗಡಿಬಿಡಿಯಲ್ಲಿದ್ದ. “ಒಂದೇ ರಾಫ್ಟಿನಲ್ಲಿ ಎಲ್ಲರೂ ಕೂತುಬಿಡಿ, ಇನ್ನೊಂದು ಬರಲು ತಡವಾಗುತ್ತದೆ” ಎಂದ. ಹುಡುಗರು ಆಗಲೇ ಕಾಲಿಟ್ಟಾಗಿತ್ತು. ದಂಡೆಯ ಮೇಲೆ ಕೂತಿದ್ದ ಅಕ್ಕ ಎದ್ದು ಬಂದು ಪ್ರತಿಯೊಬ್ಬರ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡತೊಡಗಿದರು. ಎರಡು ಜಾಕೆಟ್‌ಗಳ ಬಕಲ್ ಮುರಿದಿತ್ತು. ಒಂದು ಅವರ ಮಗನದೇ.

“ಹನ್ನೊಂದು ಮಂದಿ ಒಂದರಾಗ ಬ್ಯಾಡ. ಜಾಕೆಟ್ ಬದಲು ಮಾಡ್ರಿ. ಇಲ್ಲಂದ್ರ ರೊಕ್ಕ ಹೋದ್ರ ಹೋಗಲಿ, ಮನಿಗೆ ಹೋಗೂಣು” ಎಂದರು. ಹುಡುಗರ ಮುಖ ಸಣ್ಣದಾಯಿತು. ದೊಡ್ಡವರಾದ ನಮಗೂ ನಾಲ್ಕು ಜನರ ಎದುರು ಮುಜುಗರವೇ. ಆದರೆ ಬ್ರಹ್ಮನಾಳದ ದೋಣಿ ಎಲ್ಲರಿಗೂ ನೆನಪಾಯಿತು. ನಾವು ಅಕ್ಕನ ಪಕ್ಕ ನಿಂತೆವು. ಒಂದೂವರೆ ಗಂಟೆ ಕಾದ ಮೇಲೆ ಎರಡನೆಯ ರಾಫ್ಟ್ ಬಂತು, ಬೇರೆ ಜಾಕೆಟ್‌ಗಳೂ ಬಂದವು. ಆಗ ಅಕ್ಕ ಹೆಲ್ಮೆಟ್ ಕೇಳಿ ಪಡೆದು ಮಗನ ಹಿಂದೆಯೇ ಹತ್ತಿ ಕೂತರು! ಹನ್ನೊಂದು ಹೋಗಿ ಹನ್ನೆರಡಾಗಿ, ಆರಾರು ಮಂದಿ ಹಂಚಿ ಕೂತೆವು.

ಗೈಡ್ ಮೊದಲು ಪಾಠ ಮಾಡಿದ: ‘ಫಾರ್ವರ್ಡ್’ ಎಂದರೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು, ‘ಸ್ಟಾಪ್’ ಎಂದರೆ ನಿಲ್ಲಿಸಬೇಕು. ನೀರಿಗೆ ಬಿದ್ದರೆ ನಿಲ್ಲಲು ಹೋಗಬಾರದು. ಕಲ್ಲುಗಳ ಸಂದಿನಲ್ಲಿ ಕಾಲು ಸಿಕ್ಕಿಬಿಡುತ್ತದೆ. ಅಂಗಾತ ತೇಲುತ್ತ, ಹರಿವಿನ ದಿಕ್ಕಿಗೆ ಕಾಲು ಚಾಚಿ, ಎಸೆದ ಹಗ್ಗ ಹಿಡಿಯಬೇಕು. ಮೊದಲ ಅಲೆಗೆ ಎಲ್ಲರೂ ತೊಪ್ಪೆಯಾದೆವು. ಒಬ್ಬನ ಹುಟ್ಟು ಮುಂದೆ, ಇನ್ನೊಬ್ಬನದು ಹಿಂದೆ ಆದಾಗ ರಾಫ್ಟ್ ಗರಗರ ತಿರುಗಿತು. ಒಂದೇ ತಾಳಕ್ಕೆ ಬಂದ ಮೇಲೆ ನೆಟ್ಟಗೆ ಹೋಯಿತು. ಎರಡು ಬಂಡೆಗಳ ನಡುವೆ ನೀರು ನಮ್ಮನ್ನು ಎತ್ತಿ ಒಗೆದಾಗ ಎಲ್ಲರಿಗಿಂತ ಜೋರಾಗಿ ಕಿರುಚಿದವರೂ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅಕ್ಕನೇ.

ಮರಳುವಾಗ ಟೆಂಪೊದಲ್ಲಿ ಮಗ ಕೇಳಿದ, “ಅವ್ವಾ, ಈಗ ಹೊಳಿ ಅಂಜಿಕಿ ಹೋತೇನು?” ಅಕ್ಕ ಹೇಳಿದರು, “ಹೋಗಿಲ್ಲ. ಹೋಗೂದೂ ಬ್ಯಾಡ. ಅಂಜಿಕಿ ಇತ್ತಂತನ ಬಕಲ್ ನೋಡಿದೆ.”

ವಾಚಕರೇ, ಭಯಪಡುವವರನ್ನು ಪ್ರವಾಸದಲ್ಲಿ ನಾವು ಹಾಸ್ಯ ಮಾಡುವುದುಂಟು, ಮನೆಯಲ್ಲೇ ಬಿಟ್ಟು ಹೋಗುವುದೂ ಉಂಟು. ಮುಂದಿನ ಸಲ ಹಾಗೆ ಮಾಡಬೇಡಿ. ಅವರನ್ನು ಕರೆದುಕೊಂಡು ಹೋಗಿ, ಅವರ ಮಾತಿಗೆ ಕಿವಿಗೊಡಿ. ನೀರಿಗಿಳಿಯುವ ಮುನ್ನ ಜಾಕೆಟ್ ಎಳೆದು ನೋಡಿ, ತಲೆ ಎಣಿಸಿ, ಸರಿಯಿಲ್ಲದಿದ್ದರೆ ‘ಬೇಡ’ ಎನ್ನಲು ನಾಚಬೇಡಿ. ಖಿದ್ರಾಪುರದ ಗುಡಿ ಕಟ್ಟಿದವರಂತೆ, ಹೊಳೆಯನ್ನು ಅರಿತವರಿಗೆ ಹೊಳೆಯ ಪಕ್ಕದ ಬಾಳು ಕಷ್ಟವಲ್ಲ. ನಮ್ಮ ಹದಿನೆಂಟು ಮಂದಿಯೂ ಕ್ಷೇಮವಾಗಿ ಮನೆ ಸೇರಿದೆವು. ಪ್ರವಾಸದ ನಿಜವಾದ ಆನಂದ ಅದರಲ್ಲೇ ಅಲ್ಲವೇ?