ಮಾತು ತಡವಾದರೆ ಮೊದಲು ಕಿವಿ ಪರೀಕ್ಷಿಸಿ

"ಅವನಪ್ಪನಿಗೂ ಮಾತು ಬಂದದ್ದು ಮೂರು ವರ್ಷಕ್ಕೇ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಕಾಯಬೇಡಿ. ಮಗು ಮಾತು ಕಲಿಯುವುದು ಕೇಳಿಸಿಕೊಂಡೇ. ಕಿವಿ ಕೇಳದಿದ್ದರೆ, ನಾಲಗೆ ಸರಿಯಿದ್ದರೂ ಮಾತು ಬರುವುದು ಕಷ್ಟ.

ಅಮೆರಿಕದ ಕೊಲೊರಾಡೊದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾಗಿ ನೆರವು ಪಡೆದ ಮಕ್ಕಳು, ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು.

ಚಪ್ಪಾಳೆ ತಟ್ಟಿ ನೋಡಿದರೆ ಸಾಲದು. ಮಗು ನಿಮ್ಮ ಕೈಯ ನೆರಳಿಗೂ ತಿರುಗಬಹುದು. ಒ.ಎ.ಇ. ಎಂಬ ಪರೀಕ್ಷೆಯಲ್ಲಿ ಮಲಗಿರುವ ಮಗುವಿನ ಕಿವಿಗೆ ಪುಟ್ಟ ಸಾಧನವಿಟ್ಟು ಸಣ್ಣ ಸದ್ದು ಕಳಿಸುತ್ತಾರೆ. ಆರೋಗ್ಯವಾಗಿರುವ ಒಳಕಿವಿ ಅದಕ್ಕೆ ಅತಿ ಮೆಲುವಾದ ಮರುದನಿ ಹೊರಡಿಸುತ್ತದೆ. ನೋವಿಲ್ಲ, ಕೆಲವೇ ನಿಮಿಷ ಸಾಕು. ಮರುದನಿ ಬಾರದಿದ್ದರೆ ಗಾಬರಿ ಬೇಡ. ಮತ್ತೊಮ್ಮೆ ಪರೀಕ್ಷಿಸಿ, ಅಗತ್ಯವಿದ್ದರೆ 'ಬೆರಾ' ಪರೀಕ್ಷೆ ಮಾಡುತ್ತಾರೆ.

ನೆನಪಿಡಿ: 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ.

ರಕ್ತಸಂಬಂಧದಲ್ಲಿ ಮದುವೆಯಾದವರು, ಕುಟುಂಬದಲ್ಲಿ ಹುಟ್ಟು ಕಿವುಡು ಇರುವವರು, ಅವಧಿಗೆ ಮುನ್ನ ಹೆರಿಗೆಯಾದವರು, ಮಗುವಿಗೆ ತೀವ್ರ ಕಾಮಾಲೆ ಬಂದಿದ್ದವರು ಇನ್ನಷ್ಟು ಎಚ್ಚರವಹಿಸಬೇಕು.

ಮಗುವಿಗೆ ವರ್ಷ ದಾಟಿದ್ದರೂ ತಡಮಾಡಬೇಡಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಇದೆ, ಮಾತಿನ ತರಬೇತಿಯೂ ಇದೆ. ದೂರವಾದರೆ ಮೊದಲು ಹತ್ತಿರದ ಕಿವಿ ತಜ್ಞರನ್ನು ಕಾಣಿರಿ.