ವಾರ್ಷಿಕ ವರದಿ ಪಿಡಿಎಫ್‌ನಲ್ಲೇ ಯಾಕೆ?

ಪ್ರಶ್ನೆ: ಷೇರು ಕಂಪನಿಗಳ ವಾರ್ಷಿಕ ವರದಿಯನ್ನು ಮೊಬೈಲಿನಲ್ಲಿ ಓದುವುದೇ ಕಷ್ಟ. ಎಲ್ಲವನ್ನೂ ಪಿಡಿಎಫ್‌ನಲ್ಲೇ ಯಾಕೆ ಕೊಡುತ್ತಾರೆ?
(ಓದುಗರು, ಮಂಗಳೂರು)

ಉತ್ತರ: 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕ್, ಸುರತ್ಕಲ್ ಬಳಿಯ ಎಂಆರ್‌ಪಿಎಲ್ ಎರಡೂ ನಿಮ್ಮೂರಿನವೇ, ಎರಡೂ ಷೇರುಪೇಟೆಯಲ್ಲಿವೆ. ಇಂಥ ಕಂಪನಿಗಳು ವರದಿಯನ್ನು ಜಾಲತಾಣದಲ್ಲಿ ಹಾಕಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಾವಳಿ ಹೇಳುತ್ತದೆ. ಅದಕ್ಕೆ ಪಿಡಿಎಫ್ ಅನುಕೂಲ: 1993ರಲ್ಲಿ ಅಡೋಬಿ ತಂದ ಈ ರೂಪದಲ್ಲಿ ಪುಟವನ್ನು ಎಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ. ಕೋಷ್ಟಕದ ಸಾಲುಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ. ಮೊಬೈಲಿನಲ್ಲಿ ಆ ಗುಣವೇ ತೊಡಕು. ಎ4 ಪುಟ ಅಂಗೈಯಗಲದ ಪರದೆಗೆ ಒಗ್ಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಬರೀ ಚಿತ್ರ. ‘ಡಿವಿಡೆಂಡ್’ ಎಂದು ಹುಡುಕಿದರೆ ಏನೂ ಸಿಗದು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಖಾಲಿ ಹಾಳೆ. ಕಂಪ್ಯೂಟರಿನಲ್ಲೇ ಸಿದ್ಧವಾದ ಕಡತವನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವುದು ಷೇರುದಾರರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮುಖ್ಯಾಂಶ, ಲಾಭಾಂಶದ ದಿನಾಂಕಗಳು ಸಾಮಾನ್ಯ ವೆಬ್ ಪುಟದಲ್ಲಿರಬೇಕು, ಅಂಕಿಅಂಶ ಎಕ್ಸೆಲ್‌ನಲ್ಲಿ. ಪೂರ್ಣ ವರದಿಗೆ ಹುಡುಕಲು ಬರುವ ಪಿಡಿಎಫ್ ಸಾಕು, ಎಷ್ಟು ಎಂಬಿ ಎಂದು ಪಕ್ಕದಲ್ಲೇ ಬರೆದಿರಲಿ. ನಿಮ್ಮ ಕಂಪನಿ ಹೀಗೆ ಕೊಡದಿದ್ದರೆ ಅದರ ಕಂಪನಿ ಕಾರ್ಯದರ್ಶಿಗೆ ಇಮೇಲ್ ಬರೆಯಿರಿ. ಕೇಳುವ ಹಕ್ಕು ಒಂದೇ ಷೇರು ಇದ್ದವರಿಗೂ ಇದೆ.